ಮಾಲಿನ್ 1: ಆಕಾಶಕ್ಕಿಂತ ಮಸುಕಾದ ಗೆಲಾಕ್ಸಿಯ ಫೋಟೊ

ಎಂ91 ಗೆಲಾಕ್ಸಿಯ ಫೋಟೊ ತೆಗೆದವರ ಹಾರ್ಡ್ ಡಿಸ್ಕಿನಲ್ಲಿ ಮಾಲಿನ್ 1 ಕೂಡ ಇರುವ ಸಾಧ್ಯತೆ ಹೆಚ್ಚು. ತೆಗೆದವರಿಗೆ ಅದು ಗೊತ್ತಿರುವುದಿಲ್ಲ, ಅಷ್ಟೆ. ಎಂ91ರ ಆಗ್ನೇಯಕ್ಕೆ, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಕಡಿಮೆ ಅಂತರದಲ್ಲಿ, ಒಂದು ಸಣ್ಣ ಚುಕ್ಕೆ ಬಿದ್ದಿರುತ್ತದೆ. ನಕ್ಷತ್ರಕ್ಕಿಂತ ತುಸು ಊದಿಕೊಂಡಂತಿರುವ ಆ ಚುಕ್ಕೆ ಒಂದು ಗೆಲಾಕ್ಸಿಯ ನಡುಭಾಗ. ಅದರ ಸುತ್ತ ಸುಮಾರು ಎರಡು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೆಯ ಒಂದು ಭಾಗಕ್ಕೆ ಆರ್ಕ್‌ಮಿನಿಟ್ ಎನ್ನುತ್ತಾರೆ) ಅಗಲಕ್ಕೆ ಸುರುಳಿ ತೋಳುಗಳು ಹರಡಿವೆ. ಮಾಮೂಲಿ ಫೋಟೊದಲ್ಲಿ ಅವು ಕಾಣುವುದಿಲ್ಲ. ಅಲ್ಲಿರುವುದು ಬರೀ ಆಕಾಶ ಎಂದೇ ಅನಿಸುತ್ತದೆ.

ಆ ಗೆಲಾಕ್ಸಿ ನಮ್ಮಿಂದ ಸುಮಾರು 120 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ತೋಳುಗಳ ಹರವು 5 ಲಕ್ಷ ಜ್ಯೋತಿರ್ವರ್ಷಕ್ಕೂ ಹೆಚ್ಚು. ನಮ್ಮ ಕ್ಷೀರಪಥದಂಥ ಐದು ಗೆಲಾಕ್ಸಿಗಳನ್ನು ಸಾಲಾಗಿ ಇಟ್ಟರೂ ಅಷ್ಟು ಅಗಲ ತುಂಬುವುದು ಕಷ್ಟ. ಈವರೆಗೆ ಗೊತ್ತಿರುವ ಅತಿ ದೊಡ್ಡ ಸುರುಳಿ ಗೆಲಾಕ್ಸಿಗಳ ಸಾಲಿಗೆ ಸೇರುವ ಇದು 1986ರವರೆಗೆ ಯಾರ ಗಮನಕ್ಕೂ ಬರಲಿಲ್ಲ. ಆಕಾಶದ ಆ ಭಾಗ ಯಾರೂ ನೋಡದ ಮೂಲೆಯೂ ಅಲ್ಲ. ಕನ್ಯಾ ಗೆಲಾಕ್ಸಿ ಗುಚ್ಛದ ಅಂಚು ಅದು. ಖಗೋಳ ವಿಜ್ಞಾನಿಗಳು ದಶಕಗಟ್ಟಲೆ ತಿರುವಿಹಾಕಿದ ಜಾಗ.

ಮಸುಕು ಗೆಲಾಕ್ಸಿಗಳ ಫೋಟೊ ಎಂದಾಗ ನಮ್ಮ ಹವ್ಯಾಸಿ ವಲಯದಲ್ಲಿ ಮಾತು ನೇರವಾಗಿ ಎರಡು ವಿಷಯಕ್ಕೆ ಹೋಗುತ್ತದೆ. ಎಷ್ಟು ಗಂಟೆ ಎಕ್ಸ್‌ಪೋಷರ್ ಕೊಟ್ಟಿರಿ, ಎಷ್ಟು ಇಂಚಿನ ಟೆಲಿಸ್ಕೋಪು? ಮಾಲಿನ್ 1ರ ಕಥೆಯನ್ನು ಇಲ್ಲಿ ಒಂದು ಪ್ರಕರಣವಾಗಿ ಎತ್ತಿಕೊಳ್ಳುವುದಕ್ಕೆ ಕಾರಣ, ಇದರಲ್ಲಿ ಆ ಎರಡೂ ಪ್ರಶ್ನೆಗಳು ಹಿಂದಿನ ಸಾಲಿಗೆ ಸರಿಯುತ್ತವೆ. ಈ ಗೆಲಾಕ್ಸಿ ಕಂಡಾಗಲೆಲ್ಲ ಕಂಡದ್ದು, ಗೆಲಾಕ್ಸಿಯ ಬೆಳಕಿಗಿಂತ ಅದರ ಹಿನ್ನೆಲೆಯ ಮೇಲೆ ಹೆಚ್ಚು ಶ್ರಮ ಹಾಕಿದವರಿಗೆ.

ಆಕಾಶವೇ ಅಡ್ಡ

ಆಕಾಶ ಎಂದೂ ಪೂರ್ತಿ ಕಪ್ಪಲ್ಲ. ಊರಿನ ದೀಪಗಳಿಂದ ನೂರಾರು ಕಿಲೋಮೀಟರ್ ದೂರ ಹೋದರೂ, ಚಂದ್ರನಿಲ್ಲದ ರಾತ್ರಿಯಲ್ಲೂ ಮೇಲಿನ ವಾತಾವರಣವೇ ಸಣ್ಣಗೆ ಹೊಳೆಯುತ್ತಿರುತ್ತದೆ. ಹಗಲು ಸೂರ್ಯನ ಅತಿನೇರಳೆ ಕಿರಣ ತಾಗಿದ ಆಮ್ಲಜನಕದಂಥ ಅನಿಲಗಳು ರಾತ್ರಿ ಆ ಶಕ್ತಿಯನ್ನು ಬೆಳಕಾಗಿ ಬಿಡುತ್ತವೆ. ಅದರ ಜೊತೆಗೆ ಗ್ರಹಗಳ ನಡುವಿನ ಧೂಳು ಚದುರಿಸುವ ಸೂರ್ಯನ ಬೆಳಕು, ಬಿಡಿಯಾಗಿ ಕಾಣದ ಅಸಂಖ್ಯ ನಕ್ಷತ್ರಗಳ ಬೆಳಕು. ಎಲ್ಲ ಸೇರಿ ಅತ್ಯುತ್ತಮ ಕತ್ತಲ ತಾಣದಲ್ಲೂ ಚದರ ಆರ್ಕ್‌ಸೆಕೆಂಡಿಗೆ (ಆರ್ಕ್‌ಮಿನಿಟಿನ ಅರವತ್ತನೆಯ ಒಂದು ಭಾಗ) ಸುಮಾರು 22 ಮ್ಯಾಗ್ನಿಟ್ಯೂಡಿನಷ್ಟು ಕಾಂತಿ ಉಳಿದೇ ಉಳಿಯುತ್ತದೆ. ನೀಲಿ ಫಿಲ್ಟರಿನಲ್ಲಿ ಅಳೆದರೆ ಸ್ವಲ್ಪ ಕಡಿಮೆ, 22.7ರ ಆಸುಪಾಸು. ಈ ಅಳತೆಯಲ್ಲಿ ಸಂಖ್ಯೆ ಏರಿದಷ್ಟೂ ಮಸುಕು. 5 ಏರಿದರೆ ಬೆಳಕು 100 ಪಟ್ಟು ಕಡಿಮೆ.

1970ರಲ್ಲಿ ಆಸ್ಟ್ರೇಲಿಯಾದ ಕೆನ್ ಫ್ರೀಮನ್ ಸುರುಳಿ ಗೆಲಾಕ್ಸಿಗಳ ತಟ್ಟೆಯ ಕಾಂತಿಯನ್ನು ಅಳೆದು ನೋಡಿ ಒಂದು ವಿಚಿತ್ರವನ್ನು ಗುರುತಿಸಿದರು. ಗೆಲಾಕ್ಸಿ ಯಾವುದೇ ಇರಲಿ, ತಟ್ಟೆಯ ನಡುವಿನ ಕಾಂತಿ ನೀಲಿಯಲ್ಲಿ 21.65ರ ಸುತ್ತಮುತ್ತಲೇ ಬರುತ್ತಿತ್ತು. ಪ್ರಕೃತಿ ಎಲ್ಲ ಗೆಲಾಕ್ಸಿಗಳನ್ನೂ ಒಂದೇ ಅಚ್ಚಿನಲ್ಲಿ ಎರೆಯುತ್ತದೆಯೇ? ಬ್ರಿಟನ್ನಿನ ಮೈಕ್ ಡಿಸ್ನಿ 1976ರಲ್ಲಿ ಇದಕ್ಕೆ ಬೇರೆಯೇ ವಿವರಣೆ ಕೊಟ್ಟರು. ಆ ಸಂಖ್ಯೆ ಭೂಮಿಯ ರಾತ್ರಿ ಆಕಾಶದ ಕಾಂತಿಗೆ ಅನುಮಾನ ಬರುವಷ್ಟು ಹತ್ತಿರದಲ್ಲಿದೆ. ಆಕಾಶಕ್ಕಿಂತ ಸ್ವಲ್ಪ ಹೊಳೆಯುವವು ಮಾತ್ರ ನಮ್ಮ ಪಟ್ಟಿಗೆ ಸೇರುತ್ತಿವೆ. ತೀರಾ ಮಸುಕಾದವು ಆಕಾಶದಲ್ಲಿ ಮುಳುಗಿಹೋಗುತ್ತವೆ, ತೀರಾ ಗಿಡಿದವು ನಕ್ಷತ್ರದಂತೆ ಕಂಡು ತಪ್ಪಿಸಿಕೊಳ್ಳುತ್ತವೆ ಎಂದು ಅವರ ವಾದ. ಬಹಳಷ್ಟು ಜನ ಒಪ್ಪಲಿಲ್ಲ. ಉದಾಹರಣೆ ತೋರಿಸಿ ಎಂದರೆ ತೋರಿಸಲು ಡಿಸ್ನಿ ಬಳಿ ಏನೂ ಇರಲಿಲ್ಲ. ಕಾಣದ್ದನ್ನು ತೋರಿಸುವುದಾದರೂ ಹೇಗೆ?

ಡಾರ್ಕ್‌ರೂಮಿನ ರಸಾಯನ ಶಾಸ್ತ್ರಜ್ಞ

ಡೇವಿಡ್ ಮಾಲಿನ್ ಓದಿದ್ದು ಖಗೋಳ ವಿಜ್ಞಾನವಲ್ಲ. ಇಂಗ್ಲೆಂಡಿನಲ್ಲಿ ರಸಾಯನ ಉದ್ಯಮದಲ್ಲಿ ಸೂಕ್ಷ್ಮದರ್ಶಕ ಮತ್ತು ಫೋಟೊಗ್ರಫಿ ಕೆಲಸ ಮಾಡಿಕೊಂಡಿದ್ದವರು 1975ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಆಂಗ್ಲೋ-ಆಸ್ಟ್ರೇಲಿಯನ್ ವೀಕ್ಷಣಾಲಯ ಸೇರಿದರು. ನ್ಯೂ ಸೌತ್ ವೇಲ್ಸ್‌ನ ಕೂನಬರಬ್ರನ್ ಊರಿನ ಬಳಿಯ ಸೈಡಿಂಗ್ ಸ್ಪ್ರಿಂಗ್ ಬೆಟ್ಟದ ಮೇಲೆ ಆಗ ಯುಕೆ ಷ್ಮಿಟ್ ಟೆಲಿಸ್ಕೋಪು ಕೆಲಸ ಮಾಡುತ್ತಿತ್ತು. ಇವತ್ತಿಗೂ ಅದು ಕತ್ತಲೆಗೆ ಹೆಸರಾದ ಪ್ರದೇಶ. ಪಕ್ಕದ ವಾರಂಬಂಗಲ್ ರಾಷ್ಟ್ರೀಯ ಉದ್ಯಾನ 2016ರಲ್ಲಿ ಆಸ್ಟ್ರೇಲಿಯಾದ ಮೊದಲ ಡಾರ್ಕ್ ಸ್ಕೈ ಪಾರ್ಕ್ ಆಯಿತು.

ಷ್ಮಿಟ್ ಎಂದರೆ 1.2 ಮೀಟರಿನ ಒಂದು ದೈತ್ಯ ಕ್ಯಾಮೆರಾ. ಅದರ ಫಿಲ್ಮು 14 ಇಂಚು ಚದರದ ಗಾಜಿನ ಪ್ಲೇಟು. ಒಂದೊಂದು ಪ್ಲೇಟಿನಲ್ಲೂ ಸುಮಾರು ಆರೂವರೆ ಡಿಗ್ರಿ ಅಗಲದ ಆಕಾಶ. ಪ್ಲೇಟನ್ನು ಟೆಲಿಸ್ಕೋಪಿಗೆ ಹಾಕುವ ಮೊದಲು ಸಾರಜನಕ, ಜಲಜನಕ ಅನಿಲಗಳಲ್ಲಿ ಇಟ್ಟು ಹದಗೊಳಿಸುತ್ತಿದ್ದರು. ಹಾಗೆ ಮಾಡದಿದ್ದರೆ ಕಡಿಮೆ ಬೆಳಕಿಗೆ ಎಮಲ್ಷನ್, ಅಂದರೆ ಗಾಜಿನ ಮೇಲೆ ಬಳಿದ ಬೆಳಕು ಹಿಡಿಯುವ ಲೇಪ, ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಆಮೇಲೆ ಒಂದು ಗಂಟೆ ಅಥವಾ ತುಸು ಹೆಚ್ಚು ಎಕ್ಸ್‌ಪೋಷರ್. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಆಕಾಶದ ಬೆಳಕೇ ಪ್ಲೇಟನ್ನು ಕಪ್ಪು ಮಾಡಿಬಿಡುತ್ತಿತ್ತು. ಅಂದರೆ ಗಂಟೆ ಹೆಚ್ಚಿಸುವ ದಾರಿ ಅಲ್ಲಿಗೆ ಮುಗಿಯಿತು. ಹೊಸದಾಗಿ ಏನಾದರೂ ಸಿಗಬೇಕೆಂದರೆ ಆಗಲೇ ತೆಗೆದ ಪ್ಲೇಟಿನ ಒಳಗೇ ಹುಡುಕಬೇಕಿತ್ತು.

ಮಾಲಿನ್ ಮಾಡಿದ್ದು ಅದನ್ನೇ, ಮತ್ತು ಅದರ ಹಿಂದಿನ ತರ್ಕ ಬಹಳ ಸೊಗಸಾಗಿದೆ. ಎಮಲ್ಷನ್‌ಗೆ ಒಂದು ದಪ್ಪ ಇರುತ್ತದೆ. ಪ್ರಕಾಶಮಾನವಾದ ನಕ್ಷತ್ರದ ಬೆಳಕು ಆ ಪದರದ ತಳದವರೆಗೂ ಇಳಿದು ಬೆಳ್ಳಿಯ ಕಣಗಳನ್ನು ಕಪ್ಪಾಗಿಸುತ್ತದೆ. ಮಸುಕು ಬೆಳಕು ಅಷ್ಟು ಆಳಕ್ಕೆ ಇಳಿಯುವುದಿಲ್ಲ; ಅದರ ಗುರುತು ಹಾಲಿನ ಮೇಲಿನ ಕೆನೆಯಂತೆ ಮೇಲ್ಪದರದಲ್ಲೇ ನಿಲ್ಲುತ್ತದೆ. ಆದರೆ ಡೆವಲಪ್ ಮಾಡುವಾಗ ಬೆಳಕಿನ ಹಂಗಿಲ್ಲದೆ ತಾನಾಗಿ ಕಪ್ಪಾಗುವ ಕಣಗಳು, ಅಂದರೆ ಕೆಮಿಕಲ್ ಫಾಗ್, ಪದರದ ಉದ್ದಗಲ ಆಳಕ್ಕೂ ಹರಡಿರುತ್ತದೆ. ಮೇಲ್ಪದರವನ್ನು ಮಾತ್ರ ನಕಲು ಮಾಡಲು ಸಾಧ್ಯವಾದರೆ ಫಾಗ್‌ನ ಬಹುಪಾಲು ಹಿಂದೆ ಉಳಿಯುತ್ತದೆ. ಹೀಗಾಗಿ ಮೂಲ ಪ್ಲೇಟಿನ ಎಮಲ್ಷನ್ ಮುಖಕ್ಕೆ ಹೈ ಕಾಂಟ್ರಾಸ್ಟ್ ಫಿಲ್ಮಿನ ಎಮಲ್ಷನ್ ಮುಖವನ್ನು ಒತ್ತಿಟ್ಟು, ಎಲ್ಲ ದಿಕ್ಕಿನಿಂದ ಬರುವ ಚದುರಿದ ಬೆಳಕಿನಲ್ಲಿ ಕಾಂಟ್ಯಾಕ್ಟ್ ಪ್ರಿಂಟ್ ತೆಗೆದರು. ಫಿಲ್ಮಿಗೆ ತಾಗಿಕೊಂಡ ಕಣಗಳು ಚೂಪಾಗಿ ಅಚ್ಚಾದವು. ಆಳದಲ್ಲಿದ್ದವು ಕಲಸಿಹೋದವು. 1978ರಲ್ಲಿ ಈ ವಿಧಾನ ಪ್ರಕಟವಾಯಿತು. ಮರುವರ್ಷವೇ ಎಂ89 ಎಂಬ ಸಾಧಾರಣವಾಗಿ ಕಾಣುವ ದೀರ್ಘವೃತ್ತ ಗೆಲಾಕ್ಸಿಯ ಸುತ್ತ ಚಿಪ್ಪಿನಂಥ ಪದರಗಳು ಮತ್ತು ಚಾಚಿಕೊಂಡ ಒಂದು ಎಳೆ ಕಾಣಿಸಿದವು.

ಇಲ್ಲಿಗೇ ನಿಲ್ಲಿಸಿದ್ದರೆ ಜನ ನಂಬುತ್ತಿರಲಿಲ್ಲ. ಕಾಂಟ್ರಾಸ್ಟನ್ನು ಈ ಪರಿ ಎಳೆದರೆ ಪ್ಲೇಟಿನ ಕಲೆಗಳೂ ಗೆಲಾಕ್ಸಿಯಾಗಿ ಕಾಣಬಹುದು. ಅದಕ್ಕೆ ಮಾಲಿನ್ ಒಂದೇ ಜಾಗದ ಬೇರೆ ಬೇರೆ ಪ್ಲೇಟುಗಳಿಂದ ಇಂಥ ನಕಲುಗಳನ್ನು ತೆಗೆದು ಒಂದರ ಮೇಲೊಂದು ಹೊಂದಿಸಿ ಮುದ್ರಿಸಿದರು. ಒಂದು ಪ್ಲೇಟಿನ ಕಲೆ ಇನ್ನೊಂದರಲ್ಲಿ ಅದೇ ಜಾಗದಲ್ಲಿ ಇರುವುದಿಲ್ಲ. ನಾವು ಇವತ್ತು ಕಂಪ್ಯೂಟರಿನಲ್ಲಿ ಮಾಡುವ ಸ್ಟ್ಯಾಕಿಂಗ್ ಇದೇ. ಮಾಲಿನ್ ಅದನ್ನು ಕೆಂಪು ದೀಪದ ಕೆಳಗೆ, ಕೈಯಲ್ಲಿ ಮಾಡಿದರು.

ಹತ್ತಿರದ ಕುಬ್ಜ ಎಂದುಕೊಂಡರೆ ದೂರದ ದೈತ್ಯ

ಅಮೆರಿಕದಲ್ಲಿದ್ದ ಕ್ರಿಸ್ ಇಂಪಿ ಮತ್ತು ಗ್ರೆಗ್ ಬಾಥುನ್ ಅವರಿಗೆ ಬೇಕಿದ್ದದ್ದು ಕನ್ಯಾ ಗುಚ್ಛದ ಮಸುಕಾದ ಕುಬ್ಜ ಗೆಲಾಕ್ಸಿಗಳು. ಆ ಪ್ರದೇಶದ ಷ್ಮಿಟ್ ಪ್ಲೇಟುಗಳನ್ನು ಮಾಲಿನ್ ತಮ್ಮ ವಿಧಾನದಲ್ಲಿ ಕಾಂಟ್ರಾಸ್ಟ್ ಹಿಗ್ಗಿಸಿ ಕೊಟ್ಟರು. ಎಲ್ಲೆಡೆ ಹೊಗೆಯಂಥ ಮಚ್ಚೆಗಳು. ಅವು ಡಾರ್ಕ್‌ರೂಮಿನ ಕರಾಮತ್ತೋ ನಿಜವಾದ ಗೆಲಾಕ್ಸಿಗಳೋ ಎಂದು ಪರೀಕ್ಷಿಸಲು ಚಿಲಿಯ ಲಾಸ್ ಕ್ಯಾಂಪನಾಸ್ ಬೆಟ್ಟದ ಟೆಲಿಸ್ಕೋಪಿಗೆ ಸಿಸಿಡಿ ಎಂಬ ಎಲೆಕ್ಟ್ರಾನಿಕ್ ಕ್ಯಾಮೆರಾ ಕಟ್ಟಿ ನೋಡಿದರು. ಮಚ್ಚೆಗಳು ನಿಜವಾಗಿಯೂ ಇದ್ದವು.

ಅವುಗಳಲ್ಲೊಂದು ಮಾತ್ರ ಬೇರೆ ಥರ. ಮಸುಕು ಮಚ್ಚೆಯ ನಡುವೆ ನಕ್ಷತ್ರದಂಥ ಗುಬ್ಬು, ಸುತ್ತ ಸುರುಳಿಯ ಸುಳಿವು. ಕುಬ್ಜ ಗೆಲಾಕ್ಸಿಗಳಿಗೆ ಸುರುಳಿ ತೋಳು ಇರುವುದು ಅಪರೂಪ. ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ರೋಹಿತ ತೆಗೆದು ನೋಡಿದರೆ ಅದು ನಮ್ಮಿಂದ ಸೆಕೆಂಡಿಗೆ ಸುಮಾರು 24,750 ಕಿಲೋಮೀಟರ್ ವೇಗದಲ್ಲಿ ದೂರ ಸರಿಯುತ್ತಿತ್ತು. ಕನ್ಯಾ ಗುಚ್ಛದ ಸರಾಸರಿ ವೇಗ ಸೆಕೆಂಡಿಗೆ 1,100 ಕಿಲೋಮೀಟರಿನಷ್ಟು. ಗೆಲಾಕ್ಸಿ ದೂರವಿದ್ದಷ್ಟೂ ವೇಗ ಹೆಚ್ಚು; ಹಾಗಾದರೆ ಇದು ಗುಚ್ಛಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಆಚೆ ಇದೆ, ನಮ್ಮ ದೃಷ್ಟಿಗೆ ಮಾತ್ರ ಅದರ ನಡುವೆ ಬಿದ್ದಿದೆ. ಅಷ್ಟು ದೂರದಲ್ಲಿದ್ದೂ ಇಷ್ಟು ಅಗಲ ಕಾಣಬೇಕೆಂದರೆ ಅದರ ನಿಜವಾದ ಗಾತ್ರ ಎಷ್ಟಿರಬೇಡ? 21 ಸೆಂಟಿಮೀಟರ್ ರೇಡಿಯೊ ತರಂಗದಲ್ಲಿ ತಡಕಿದಾಗ ಸಾವಿರಾರು ಕೋಟಿ ಸೂರ್ಯರ ತೂಕದ ಜಲಜನಕ ಸಿಕ್ಕಿತು. 1987ರಲ್ಲಿ ಬಾಥುನ್, ಇಂಪಿ, ಮಾಲಿನ್ ಮತ್ತು ಜೆರೆಮಿ ಮೌಲ್ಡ್ ಸೇರಿ ಪ್ರಬಂಧ ಪ್ರಕಟಿಸಿದರು. ಗೆಲಾಕ್ಸಿಗೆ ಮಾಲಿನ್ ಹೆಸರೇ ನಿಂತಿತು.

ತಟ್ಟೆಯ ಕಾಂತಿಯನ್ನು ನಡುವಿನವರೆಗೆ ಎಳೆದು ಲೆಕ್ಕ ಹಾಕಿದರೂ ಸಿಕ್ಕ ಸಂಖ್ಯೆ ಸುಮಾರು 25.5. ಫ್ರೀಮನ್ ಹೇಳಿದ 21.65 ನೀಲಿಯಲ್ಲಿ ಅಳೆದದ್ದು, ಇದು ಹಸಿರು-ಹಳದಿ ಪಟ್ಟಿಯಲ್ಲಿ. ನೇರ ಹೋಲಿಕೆ ತಕ್ಕಮಟ್ಟಿಗೆ ಮಾತ್ರ ಸರಿ. ಆದರೂ ಅಂತರ ಎಷ್ಟಿದೆಯೆಂದರೆ ಆ ಸೂಕ್ಷ್ಮದಿಂದ ಏನೂ ಬದಲಾಗುವುದಿಲ್ಲ. ಡಿಸ್ನಿ ಹನ್ನೊಂದು ವರ್ಷ ಕಾದಿದ್ದ ಉದಾಹರಣೆ ಇದು.

ಮುಂದಿನ ಎರಡು ತಿರುವುಗಳನ್ನು ಬೇಗ ಹೇಳಿಬಿಡುತ್ತೇನೆ. 1996ರಲ್ಲಿ ಹಬಲ್ ಟೆಲಿಸ್ಕೋಪು ತೆಗೆದಿದ್ದ ಹಳೆಯ ಚಿತ್ರವನ್ನು ಏರನ್ ಬಾರ್ಥ್ 2007ರಲ್ಲಿ ಮತ್ತೆ ಕೈಗೆತ್ತಿಕೊಂಡು, ಮಾಲಿನ್ 1ರ ಒಳಭಾಗದಲ್ಲಿ ತೀರಾ ಸಾಮಾನ್ಯವಾದ ಒಂದು ಪಟ್ಟಿಸುರುಳಿ (ನಡುವೆ ನಕ್ಷತ್ರಗಳ ಪಟ್ಟಿ ಇರುವ ಸುರುಳಿ) ಗೆಲಾಕ್ಸಿಯೇ ಇದೆ ಎಂದು ತೋರಿಸಿದರು. ಅಂದರೆ ದೈತ್ಯತನವೆಲ್ಲ ಹೊರಗಿನ ಮಸುಕು ತಟ್ಟೆಯದ್ದು. ಹೊರಭಾಗ ಕಾಣದಿದ್ದರೆ ಇದೂ ಹತ್ತರಲ್ಲಿ ಹನ್ನೊಂದನೆಯ ಗೆಲಾಕ್ಸಿ. ಇನ್ನೊಂದು ತಿರುವು 2015ರದ್ದು. ಗಾಸ್ಪರ್ ಗಲಾಸ್ ಮತ್ತು ಸಂಗಡಿಗರು ಲಾಸ್ ಕ್ಯಾಂಪನಾಸ್‌ನ 6.5 ಮೀಟರ್ ಮ್ಯಾಗೆಲನ್ ಟೆಲಿಸ್ಕೋಪಿನಿಂದ ತೆಗೆದ ಚಿತ್ರದಲ್ಲಿ ಮಾಲಿನ್ 1ರ ತೋಳುಗಳು ಮೊದಲ ಸಲ ಬಿಡಿಬಿಡಿಯಾಗಿ ಕಂಡವು. ಅವರು ತಲುಪಿದ್ದು ನೀಲಿಯಲ್ಲಿ ಸುಮಾರು 28 ಮ್ಯಾಗ್ನಿಟ್ಯೂಡಿನ ಮಟ್ಟ. ಕಂಡುಹಿಡಿದ ಮೇಲೆ ಒಂದು ನೆಟ್ಟಗಿನ ಫೋಟೊ ಸಿಗಲು ಹೆಚ್ಚುಕಡಿಮೆ ಮೂವತ್ತು ವರ್ಷ ಹಿಡಿಯಿತು.

ನಮ್ಮವರ ಪಾಲೂ ಇದರಲ್ಲಿ ಇದೆ. ಅದೇ 2015ರ ಸೆಪ್ಟೆಂಬರಿನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕ ಯುವಿಐಟಿಯನ್ನು ಜೋಡಿಸಿದ್ದು ಹೊಸಕೋಟೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ. ಅದು ಮಾಲಿನ್ 1ನ್ನು ನೋಡಿ ಸಂಗ್ರಹಿಸಿದ ಮಾಹಿತಿಯ ಮೇಲೆ 2021ರಲ್ಲಿ ಪ್ರಬಂಧ ಬಂತು. ಅತಿನೇರಳೆಯಲ್ಲಿ ಬೆಳಗುವುದು ಹೊಸದಾಗಿ ಹುಟ್ಟಿದ ನಕ್ಷತ್ರಗಳು. ಬಾಹ್ಯಾಕಾಶದಿಂದ ಆ ಪಟ್ಟಿಯಲ್ಲಿ ನೋಡಿದಾಗ ಹಿನ್ನೆಲೆ ಆಕಾಶವೂ ನೆಲದಿಂದ ಕಾಣುವುದಕ್ಕಿಂತ ಎಷ್ಟೋ ಕಪ್ಪು.

ಶೇಕಡಾವಾರು ಲೆಕ್ಕ

ಈಗ ಹವ್ಯಾಸಿಯ ಮೇಜಿಗೆ ಬರೋಣ. 22ರ ಆಕಾಶದ ಮೇಲೆ 25.5ರ ತಟ್ಟೆ ಎಂದರೆ ಮೂರೂವರೆ ಮ್ಯಾಗ್ನಿಟ್ಯೂಡಿನ ಅಂತರ, ಅಂದರೆ 25 ಪಟ್ಟು. ನಿಮ್ಮ ಸೆನ್ಸರಿನ ಒಂದು ಪಿಕ್ಸೆಲ್ ಆಕಾಶದಿಂದ 100 ಫೋಟಾನ್ ಹಿಡಿದರೆ ಗೆಲಾಕ್ಸಿಯ ತಟ್ಟೆಯಿಂದ ಬರುವುದು 4. ಅದೂ ಒಳಭಾಗದಲ್ಲಿ. ಹೊರತೋಳುಗಳಲ್ಲಿ 28ರ ಮಟ್ಟಕ್ಕೆ ಇಳಿದರೆ (ಇದು ನೀಲಿಯ ಲೆಕ್ಕ, ಆಕಾಶ 22.7) 100ಕ್ಕೆ 1 ಕೂಡ ಇಲ್ಲ, ಮುಕ್ಕಾಲಷ್ಟೆ.

ಅದೇ ಗೆಲಾಕ್ಸಿಯನ್ನು ದೊಡ್ಡ ನಗರದ ಮಹಡಿಯಿಂದ ತೆಗೆಯಲು ಹೊರಟರೆ? ನಗರದ ಆಕಾಶ 18ರ ಆಸುಪಾಸು ಎಂದುಕೊಳ್ಳಿ. ಒಳತಟ್ಟೆಗೇ ಏಳೂವರೆ ಮ್ಯಾಗ್ನಿಟ್ಯೂಡಿನ ಅಂತರ, ಸರಿಯಾಗಿ 1000 ಪಟ್ಟು. ಹೊರತೋಳುಗಳಿಗೆ, ಅದೇ ನೀಲಿಯ ಲೆಕ್ಕದಲ್ಲಿ, 5000 ಪಟ್ಟಿನ ಸುತ್ತಮುತ್ತ. ಫೋಟಾನ್ ಗದ್ದಲದ (ಬೆಳಕಿನ ಕಣಗಳ ಎಣಿಕೆ ತಾನಾಗಿ ಏರಿಳಿಯುವುದರ) ಲೆಕ್ಕ ಹೇಳುವುದೇನೆಂದರೆ ಆಕಾಶ 40 ಪಟ್ಟು ಬೆಳಗಿದರೆ ಅದೇ ಗುಣಮಟ್ಟಕ್ಕೆ 40 ಪಟ್ಟು ಹೊತ್ತು ಬೇಕು. ಕತ್ತಲ ತಾಣದ 10 ಗಂಟೆ ನಗರದ 400 ಗಂಟೆಗೆ ಸಮ. ಹಟ ಹಿಡಿದವರು ಇದನ್ನು ಕೇಳಿ ಹಿಂಜರಿಯುವುದಿಲ್ಲ. ಮಹಡಿ ಮನೆಯದೇ, ಟೆಲಿಸ್ಕೋಪು ತಾನಾಗಿ ಓಡುತ್ತದೆ, 400 ಗಂಟೆ ಆದರೂ ಸೇರಿಸುತ್ತೇವೆ ಎನ್ನುತ್ತಾರೆ.

ಅಲ್ಲಿ ಅವರನ್ನು ಕೆಡವುವುದು ಗಂಟೆಗಳ ಕೊರತೆಯಲ್ಲ, ಫ್ಲ್ಯಾಟ್ ಫ್ರೇಮು. ಲೆನ್ಸಿನ ಅಂಚು ಕಪ್ಪಾಗುವುದು, ಸೆನ್ಸರಿನ ಮುಂದಿನ ಗಾಜಿನ ಮೇಲೆ ಕೂತ ಧೂಳು, ಪಿಕ್ಸೆಲ್ಲಿನಿಂದ ಪಿಕ್ಸೆಲ್ಲಿಗೆ ಇರುವ ವ್ಯತ್ಯಾಸ, ಇವನ್ನೆಲ್ಲ ಸರಿಪಡಿಸಲು ಒಂದೇ ಸಮನಾದ ಬೆಳಕಿನ ಹಲಗೆಯ ಫೋಟೊ ತೆಗೆದು ಅದರಿಂದ ಭಾಗಿಸುತ್ತೇವಲ್ಲ, ಆ ಭಾಗಾಕಾರ ಎಂದೂ ನೂರಕ್ಕೆ ನೂರು ಸರಿ ಬರುವುದಿಲ್ಲ. ಹಲಗೆಯೇ ಒಂದು ಬದಿ ತುಸು ಹೆಚ್ಚು ಬೆಳಗಿರುತ್ತದೆ. ಕೊಳವೆಯ ಒಳಗೋಡೆಯಿಂದ ಚದುರಿದ ಬೆಳಕು ಸೇರಿಕೊಂಡಿರುತ್ತದೆ. ನಮ್ಮಂಥವರ ಸಲಕರಣೆಯಲ್ಲಿ ಅರ್ಧ ಪರ್ಸೆಂಟ್ ತಪ್ಪು ಉಳಿದರೆ ಅದು ಒಳ್ಳೆಯ ಫ್ಲ್ಯಾಟ್ ಎಂದೇ ನಾನು ಲೆಕ್ಕ ಹಾಕುತ್ತೇನೆ. ಗಮನಿಸಬೇಕಾದ್ದು ಇಷ್ಟು: ಈ ತಪ್ಪು ಆಕಾಶದ ಬೆಳಕಿನ ಪ್ರಮಾಣದಲ್ಲೇ ಬೆಳೆಯುತ್ತದೆ. ಕತ್ತಲ ತಾಣದಲ್ಲಿ 100 ಫೋಟಾನಿಗೆ ಅರ್ಧ ಫೋಟಾನ್ ತಪ್ಪು. ಗೆಲಾಕ್ಸಿಯ 4 ಅದರ ಮೇಲೆ ಎದ್ದು ಕಾಣುತ್ತದೆ. ನಗರದಲ್ಲಿ ಅದೇ ಹೊತ್ತಿಗೆ ಆಕಾಶದಿಂದ 4000 ಬಂದಿರುತ್ತದೆ, ತಪ್ಪು 20, ಗೆಲಾಕ್ಸಿ ಅದೇ 4. ಗದ್ದಲವಾದರೆ ಗಂಟೆ ಕೂಡಿಸಿದಷ್ಟೂ ತಗ್ಗುತ್ತದೆ. ಈ ತಪ್ಪು ತಗ್ಗುವುದಿಲ್ಲ, ಸ್ಟ್ಯಾಕ್ ಮಾಡಿದಷ್ಟೂ ಇನ್ನೂ ನುಣುಪಾಗಿ, ನಿಜವೆಂಬಂತೆ ಕಾಣಿಸಿಕೊಳ್ಳುತ್ತದೆ. ಕತ್ತಲ ತಾಣಕ್ಕೆ ಗಾಡಿ ಹತ್ತಿಸುವುದಕ್ಕೆ ನನ್ನ ಮಟ್ಟಿಗೆ ಮುಖ್ಯ ಕಾರಣ ಇದು. ಉಳಿಯುವ ಸಮಯ ಎರಡನೆಯದು.

ಇದೇ ಯೋಚನೆಯನ್ನು ಕೊನೆಯವರೆಗೆ ಎಳೆದವರು ಪೀಟರ್ ವಾನ್ ಡೊಕ್ಕುಮ್ ಮತ್ತು ರಾಬರ್ಟೊ ಏಬ್ರಹಾಂ. ಅಮೆರಿಕದ ನ್ಯೂ ಮೆಕ್ಸಿಕೊದ ಕತ್ತಲ ಆಕಾಶದ ಕೆಳಗೆ ಅವರು ದೊಡ್ಡ ಕನ್ನಡಿ ಕಟ್ಟಲಿಲ್ಲ. ಕ್ರೀಡಾ ಛಾಯಾಗ್ರಾಹಕರು ಹೊತ್ತು ತಿರುಗುವ ಕ್ಯಾನನ್ 400 ಎಂಎಂ ಎಫ್/2.8 ಲೆನ್ಸುಗಳನ್ನು ಗೊಂಚಲಾಗಿ ಕಟ್ಟಿದರು. ಹೆಸರು ಡ್ರ್ಯಾಗನ್‌ಫ್ಲೈ. ಆ ಲೆನ್ಸುಗಳ ಲೇಪನ ಬೆಳಕನ್ನು ಕಡಿಮೆ ಚದುರಿಸುತ್ತದೆ, ಕನ್ನಡಿ ಟೆಲಿಸ್ಕೋಪಿನಲ್ಲಿ ದಾರಿಗಡ್ಡ ನಿಲ್ಲುವ ಎರಡನೆಯ ಕನ್ನಡಿ ಇಲ್ಲಿಲ್ಲ. ಹಾಗಾಗಿ ನಕ್ಷತ್ರಗಳ ಸುತ್ತಲಿನ ಪ್ರಭೆ ಹಿನ್ನೆಲೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ. 2015ರಲ್ಲಿ ಕೋಮಾ ಗುಚ್ಛದಲ್ಲಿ 47 ಅತಿ ತೆಳು ಗೆಲಾಕ್ಸಿಗಳನ್ನು ಹುಡುಕಿದ್ದು ಈ ಗೊಂಚಲೇ. ಒಂದೊಂದು ಲೆನ್ಸಿನ ಬಾಯಿ 14 ಸೆಂಟಿಮೀಟರಿನಷ್ಟೇ. ಇಂಚಿನ ಲೆಕ್ಕದಲ್ಲೇ ಮಾತಾಡುವವರಿಗೆ ಇದನ್ನು ತೋರಿಸಬೇಕು.

ಚಿತ್ರದುರ್ಗದ ನೆತ್ತಿಯ ಮೇಲೆ

ಮಾಲಿನ್ 1ರ ಡೆಕ್ಲಿನೇಷನ್, ಅಂದರೆ ಆಕಾಶದಲ್ಲಿನ ಅಕ್ಷಾಂಶ, ಉತ್ತರಕ್ಕೆ 14 ಡಿಗ್ರಿ 20 ಮಿನಿಟು. ಚಿತ್ರದುರ್ಗದ ಅಕ್ಷಾಂಶ ಹೆಚ್ಚುಕಡಿಮೆ ಅದೇ. ಶಿವಮೊಗ್ಗ, ದಾವಣಗೆರೆಯೂ ಅರ್ಧ ಡಿಗ್ರಿ ಆಚೀಚೆ. ಅಂದರೆ ಸೈಡಿಂಗ್ ಸ್ಪ್ರಿಂಗ್‌ನಲ್ಲೂ ಲಾಸ್ ಕ್ಯಾಂಪನಾಸ್‌ನಲ್ಲೂ ದಿಗಂತದಿಂದ 45 ಡಿಗ್ರಿಯ ಆಸುಪಾಸಿನಷ್ಟೇ ಏರುವ ಈ ಗೆಲಾಕ್ಸಿ ನಮ್ಮ ಮಧ್ಯ ಕರ್ನಾಟಕದಲ್ಲಿ ನಡುನೆತ್ತಿಯ ಮೇಲೇ ಹಾಯುತ್ತದೆ. ನೆತ್ತಿಯಲ್ಲಿ ಗಾಳಿಯ ಪದರ ಅತಿ ತೆಳು. ಹುಡುಕುವುದೂ ಸುಲಭ: ಉತ್ತರಾ ನಕ್ಷತ್ರದ (ಡೆನೆಬೊಲಾ) ಡೆಕ್ಲಿನೇಷನ್ ಕೂಡ ಇದಕ್ಕೆ ಬಹುತೇಕ ಸಮ. ಉತ್ತರಾ ನೆತ್ತಿ ದಾಟಿ ಮುಕ್ಕಾಲು ಗಂಟೆಯ ಮೇಲೆ ಮೂರು ನಿಮಿಷಕ್ಕೆ ಮಾಲಿನ್ 1 ಅದೇ ದಾರಿಯಲ್ಲಿ ಬರುತ್ತದೆ. ಮಾರ್ಚ್ ಕೊನೆಯಲ್ಲಿ ಅದು ನೆತ್ತಿಗೆ ಬರುವುದು ರಾತ್ರಿ ಹನ್ನೆರಡೂವರೆ ಹೊತ್ತಿಗೆ. ಯುಗಾದಿ ಅಮಾವಾಸ್ಯೆ ಇದಕ್ಕೆ ಹೇಳಿ ಮಾಡಿಸಿದ ರಾತ್ರಿ.

ತೊಂದರೆಗಳೂ ನಮ್ಮವೇ. ಧ್ರುವ ನಕ್ಷತ್ರ ಇಲ್ಲಿ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೆ. ತೆಂಗಿನ ತೋಟದ ಹಿಂದೆಯೋ ಬೇಸಿಗೆಯ ದೂಳುಮಬ್ಬಿನ ಒಳಗೋ ಅಡಗಿರುತ್ತದೆ, ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಮೌಂಟಿನ ಅಕ್ಷ ಹೊಂದಿಸುವುದಕ್ಕೇ ಅರ್ಧ ರಾತ್ರಿ ಹೋಗಬಹುದು. ಯುರೋಪಿನ ಅಕ್ಷಾಂಶಕ್ಕೆ ಮಾಡಿದ ಕೆಲವು ಮೌಂಟುಗಳು ಇಷ್ಟು ತಗ್ಗಿಗೆ ಬಾಗುವುದೇ ಇಲ್ಲ, ಬಾಗಿದರೆ ಭಾರದ ಕಂಬಿ ಮುಕ್ಕಾಲಿಯ ಕಾಲಿಗೆ ತಾಗುತ್ತದೆ. ನೆತ್ತಿಯ ಹತ್ತಿರ ಉದ್ದ ಕೊಳವೆಯ ಹಿಂಬದಿ, ಕ್ಯಾಮೆರಾ ಮತ್ತು ಫಿಲ್ಟರ್ ಚಕ್ರದ ಸಮೇತ, ಅದೇ ಕಾಲನ್ನು ಸವರಿಕೊಂಡು ಹೋಗುತ್ತದೆ. ಮೊದಲೇ ಹಗಲಿನಲ್ಲಿ ಆ ದಿಕ್ಕಿಗೆ ತಿರುಗಿಸಿ ಕೇಬಲ್ ಎಲ್ಲಿ ಎಳೆಯುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ತಾನಾಗಿ ಹುಡುಕುವ ಸ್ಮಾರ್ಟ್ ಟೆಲಿಸ್ಕೋಪುಗಳನ್ನು ಬರೀ ಆಲ್ಟ್-ಆಜಿಮತ್ ಕ್ರಮದಲ್ಲಿ (ಮೇಲೆ-ಕೆಳಗೆ, ಎಡ-ಬಲಕ್ಕಷ್ಟೇ ತಿರುಗುವಂತೆ) ಇಟ್ಟರೆ ನೆತ್ತಿ ಅವುಗಳ ಕುರುಡು ಜಾಗ; ಅಲ್ಲಿ ಚಿತ್ರ ಗಿರ್ರನೆ ತಿರುಗುತ್ತದೆ. ಇದರ ಮೇಲೆ ಏಪ್ರಿಲ್ ದಾಟಿದರೆ ಮುಂಗಾರು ಪೂರ್ವದ ಮೋಡ.

ಹಣ, ರಜೆ ಎರಡೂ ಇರುವವರಿಗೆ ಲಡಾಖಿನ ಹಾನ್ಲೆ. ಸುಮಾರು 4,500 ಮೀಟರ್ ಎತ್ತರದಲ್ಲಿ ಖಭೌತ ಸಂಸ್ಥೆಯ ವೀಕ್ಷಣಾಲಯ ಇರುವ ಜಾಗ ಅದು. ಅಲ್ಲಿನ 2 ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯಿಂದ. ಸುತ್ತಲಿನ 1,073 ಚದರ ಕಿಲೋಮೀಟರನ್ನು 2022ರ ಡಿಸೆಂಬರಿನಲ್ಲಿ ಡಾರ್ಕ್ ಸ್ಕೈ ರಿಸರ್ವ್ ಎಂದು ಘೋಷಿಸಲಾಯಿತು. ಅಲ್ಲಿನ ಹಳ್ಳಿಯವರಿಗೆ ಟೆಲಿಸ್ಕೋಪು ಕೊಟ್ಟು ಆಕಾಶ ತೋರಿಸಲು ತರಬೇತಿಯನ್ನೂ ಕೊಟ್ಟಿದ್ದಾರೆ. ಮಾಲಿನ್ 1 ಅಲ್ಲಿ ನೆತ್ತಿಗೆ ಬರುವುದಿಲ್ಲ, ಆದರೂ 70 ಡಿಗ್ರಿಗಿಂತ ಮೇಲೇರುತ್ತದೆ. ಒಣಗಾಳಿ, ಎತ್ತರ, ಕತ್ತಲೆ ಮೂರೂ ಒಟ್ಟಿಗೆ ಸಿಗುತ್ತವೆ. ಯುಗಾದಿಯ ಹೊತ್ತಿಗೆ ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಬ್ಯಾಟರಿಯೂ ಮನುಷ್ಯನೂ ಅರ್ಧ ಶಕ್ತಿಯಲ್ಲಿ ಕೆಲಸ ಮಾಡುತ್ತಾರೆ.

ಸಲಕರಣೆ ದೊಡ್ಡದು ಬೇಕಿಲ್ಲ. 800 ಮಿಲಿಮೀಟರ್ ಫೋಕಲ್ ಲೆಂತ್, ಎಪಿಎಸ್-ಸಿ ಗಾತ್ರದ 3.76 ಮೈಕ್ರಾನ್ ಪಿಕ್ಸೆಲ್ಲಿನ ಮೋನೊ (ಕಪ್ಪು-ಬಿಳುಪು) ಕ್ಯಾಮೆರಾ ಇದ್ದರೆ ಒಂದು ಪಿಕ್ಸೆಲ್ ಸುಮಾರು ಒಂದು ಆರ್ಕ್‌ಸೆಕೆಂಡ್. ಎಂ88, ಎಂ91, ಮಾಲಿನ್ 1 ಮೂರೂ ಒಂದೇ ಫ್ರೇಮಿನಲ್ಲಿ ಹಿಡಿಸುತ್ತವೆ. ಮಾಲಿನ್ 1 ಅದರಲ್ಲಿ 120 ಪಿಕ್ಸೆಲ್ ಅಗಲ ಬರುತ್ತದೆ. ಚೂಪುತನದ ಆಸೆ ಇಲ್ಲಿ ಬಿಡಬೇಕು. ಐದೈದು ಪಿಕ್ಸೆಲ್ಲಿನ ಚೌಕಗಳನ್ನು ಕೂಡಿಸಿ ಒಂದು ಮಾಡಿದರೆ ಪ್ರತಿ ಚೌಕದ ಗದ್ದಲ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಗೆಲಾಕ್ಸಿಯ ಅಗಲಕ್ಕೆ ಆಗಲೂ 24 ಚೌಕ ಉಳಿಯುತ್ತವೆ. ತೋಳು ಇದೆಯೋ ಇಲ್ಲವೋ ಹೇಳಲು ಅಷ್ಟು ಸಾಕು.

ಸಂಸ್ಕರಣೆಯಲ್ಲಿ ಎರಡು ಸಾಫ್ಟ್‌ವೇರ್ ಅಭ್ಯಾಸಗಳು ಇಂಥ ಗೆಲಾಕ್ಸಿಯನ್ನು ಕೊಲ್ಲುತ್ತವೆ. ಮೊದಲನೆಯದು, ಗ್ರೇಡಿಯೆಂಟ್ (ಹಿನ್ನೆಲೆ ಬೆಳಕಿನ ಏರಿಳಿತ) ತೆಗೆಯುವ ಉಪಕರಣವನ್ನು ಆಟೋಮ್ಯಾಟಿಕ್‌ಗೆ ಬಿಡುವುದು. ಮಾದರಿ ಚುಕ್ಕೆಗಳನ್ನು ಅದು ಫ್ರೇಮಿನ ತುಂಬ ಚೆಲ್ಲುತ್ತದೆ, ಎರಡು ಚುಕ್ಕೆ ಗೆಲಾಕ್ಸಿಯ ತಟ್ಟೆಯ ಮೇಲೆ ಬಿದ್ದರೆ ತಟ್ಟೆಯನ್ನೇ ಆಕಾಶವೆಂದು ತಿಳಿದು ಕಳೆದುಹಾಕುತ್ತದೆ. ಮಾಲಿನ್ 1ರ ಸುತ್ತ ಕಡೇಪಕ್ಷ ನಾಲ್ಕು ಆರ್ಕ್‌ಮಿನಿಟ್ ಜಾಗದಲ್ಲಿ ಒಂದು ಚುಕ್ಕೆಯೂ ಇರದಂತೆ ಕೈಯಾರೆ ಅಳಿಸಬೇಕು. ಎರಡನೆಯದು, ಗದ್ದಲ ತೆಗೆಯುವ ಎಐ ಉಪಕರಣ. ಗದ್ದಲದ ಮಟ್ಟದಲ್ಲೇ ಇರುವ ವಸ್ತುವಿಗೆ ಅದನ್ನು ಹಚ್ಚಿದರೆ ತಾನು ಕಲಿತ ಸುರುಳಿಗಳನ್ನು ಅದು ಬಿಡಿಸಿಕೊಡುತ್ತದೆ. ಫಲಿತಾಂಶ ಚಂದ ಕಾಣುತ್ತದೆ, ಆದರೆ ಅದು ಮಾಲಿನ್ 1 ಅಲ್ಲ. ಕನ್ಯಾ ಗುಚ್ಛದ ದಿಕ್ಕಿನಲ್ಲಿ ನಮ್ಮದೇ ಕ್ಷೀರಪಥದ ತೆಳು ಧೂಳಿನ ಎಳೆಗಳೂ ಇರುವುದರಿಂದ, ನಿಜವಾಗಿ ಇರುವ ಮಸುಕನ್ನೂ ಗೆಲಾಕ್ಸಿಯ ತೋಳೆಂದು ತಪ್ಪು ತಿಳಿಯುವ ಅಪಾಯ ಬೇರೆ.

ಹಾಗಾಗಿ ತೋಳು ಕಂಡಿತು ಎಂದು ಹೇಳುವ ಮುನ್ನ ಮಾಲಿನ್ ಅವರ ಪರೀಕ್ಷೆಯನ್ನೇ ಮಾಡಬೇಕು. ಪ್ರತಿ ಫ್ರೇಮಿನ ನಡುವೆ ಗೆಲಾಕ್ಸಿಯ ಅಗಲಕ್ಕಿಂತ ಹೆಚ್ಚು, ಮೂರು ನಾಲ್ಕು ಆರ್ಕ್‌ಮಿನಿಟ್, ಟೆಲಿಸ್ಕೋಪನ್ನು ಸರಿಸಿ. ಆ ಫ್ರೇಮುಗಳಿಂದಲೇ ನಕ್ಷತ್ರಗಳನ್ನು ಮರೆಮಾಡಿ ಆಕಾಶದ ಫ್ಲ್ಯಾಟ್ ಕಟ್ಟಿಕೊಳ್ಳಬಹುದು. ಹಲಗೆಯ ಫ್ಲ್ಯಾಟಿಗಿಂತ ಅದು ನಂಬಿಕಸ್ತ. ಎರಡನೆಯ ರಾತ್ರಿ ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಕಟ್ಟಿ. ಎರಡೂ ರಾತ್ರಿಯ ಫ್ರೇಮುಗಳನ್ನು ಒಂದಕ್ಕೊಂದು ಬೆರೆಸದೆ ಬೇರೆ ಬೇರೆಯಾಗಿ ಸ್ಟ್ಯಾಕ್ ಮಾಡಿ, ಒಂದೇ ರೀತಿ ಹಿಗ್ಗಿಸಿ, ಉತ್ತರ ಮೇಲೆ ಬರುವಂತೆ ಪಕ್ಕಪಕ್ಕ ಇಡಿ. ಫ್ಲ್ಯಾಟಿನ ತಪ್ಪು ಸೆನ್ಸರಿಗೆ ಅಂಟಿಕೊಂಡದ್ದು, ಎರಡನೆಯ ಚಿತ್ರದಲ್ಲಿ ಅದು 90 ಡಿಗ್ರಿ ತಿರುಗಿರುತ್ತದೆ. ಎರಡರಲ್ಲೂ ಒಂದೇ ಕಡೆಗೆ ಬಾಗಿದ ಎಳೆ ಕಂಡರೆ ಅದನ್ನು 2015ರ ಮ್ಯಾಗೆಲನ್ ಚಿತ್ರದ ಪಕ್ಕ ಇಟ್ಟು ನೋಡಿ. ಅಲ್ಲೂ ಇದ್ದರೆ ಎರಡು ರಾತ್ರಿಗಳನ್ನು ಕೂಡಿಸಿ ಅಂತಿಮ ಚಿತ್ರ ಮಾಡಲು ಅಡ್ಡಿಯಿಲ್ಲ.